ಒಂದೂವರೆ ಕೇಜಿ

ನನ್ನ ಕೆಲಸ ತೂಗುವುದು.
ಅಸ್ಮರಾದ ಸಂತೆಯಲ್ಲಿ ಅಮ್ಮ ಬಾರ್ಲಿ ತೂಗುತ್ತಿದ್ದಳು;
ನಾನು ಸೈಕಲ್ ಹುಡುಗರನ್ನು ತೂಗುತ್ತೇನೆ,
ಹೊರಡುವ ಮುಂಚೆ ಒಮ್ಮೆ, ತಿರುಗಿ ಬಂದ ಮೇಲೆ ಒಮ್ಮೆ,
ಮೈ ಒರೆಸಿ, ಚಡ್ಡಿಯಲ್ಲಿ ನಿಲ್ಲಿಸಿ,
ಕುಡಿದ ನೀರನ್ನೂ ಲೆಕ್ಕಕ್ಕೆ ಹಿಡಿದು.
ಕಮ್ಮಿ ಬಿದ್ದದ್ದೆಲ್ಲ ಬೆವರು.
ಮೊದಮೊದಲು ನಾಚುತ್ತಿದ್ದರು.
ಇಪ್ಪತ್ತು ವರ್ಷ ಹೆರಿಗೆ ವಾರ್ಡಿನಲ್ಲಿದ್ದವಳಿಗೆ
ಯಾರ ಮೈ ಏನು ಹೊಸದು?

ಮೇಲೆ ನಮ್ಮೂರಲ್ಲಿ ಜುಲೈಗೂ ಸ್ವೆಟರು.
ಕೆಳಗೆ ಮಸ್ಸಾವಾ, ಕಡಲ ಮಟ್ಟ,
ಗಾಳಿಯೇ ಒದ್ದೆ ಬಟ್ಟೆಯಾಗಿ ಮುಖಕ್ಕೆ ಅಂಟುವ ಊರು.
ನಡುವೆ ನೂರು ಕಿಲೋಮೀಟರು ತಿರುವು,
ಕಳ್ಳಿಹಣ್ಣು ಮಾರುವ ಮಕ್ಕಳು,
ರಸ್ತೆಗೆ ಬೆನ್ನು ಹಾಕಿ ಕೂತ ಬಬೂನುಗಳು,
ಗಿಂಡಾ ದಾಟುವಾಗ ಕಿವಿಯಲ್ಲೊಂದು ಟಪ್.
ಪಂದ್ಯ ಅಲ್ಲೇ, ದಂಡೆಯಲ್ಲಿ. ಹದಿನಾಲ್ಕು ದಿನ ಮುಂಚೆ ಇಳಿದೆವು.

ಮೊದಲ ದಿನ ಮೆಕ್ಯಾನಿಕ್ ತೆಕ್ಲಿತ್ ತಾನೂ ಪೆಡಲು ತುಳಿದ,
ಹೊಟ್ಟೆಯನ್ನು ಹ್ಯಾಂಡಲಿನ ಹತ್ತಿರಕ್ಕೆ ತಂದುಕೊಂಡು.
ನಾಲ್ಕನೇ ನಿಮಿಷಕ್ಕೆ ಕಿಫ್ಲೊಮ್‌ನ ಹಣೆ ಮಿಂಚಿತು.
"ನೋಡಿ ಲೆತೆಬ್ರಹಾನ್, ನಿಮ್ಮ ಹುಲಿಗೆ ಆಗಲೇ ನೀರಿಳಿಯಿತು!
ನಾನಿನ್ನೂ ಒಣಗಿದ ಕಟ್ಟಿಗೆ."
ಒಣಗಿದ್ದೇ ಬೇಗ ಹೊತ್ತಿಕೊಳ್ಳುವುದಪ್ಪಾ, ಅಂದೆ.

ನೆರೆ ಬಂದ ಮೇಲೆ ತೂಬು ಹುಡುಕುವವನು ಇವನು.
ಅವನೋ, ಮೋಡ ಕಂಡಾಗಲೇ ಎತ್ತಿರುತ್ತಾನೆ.
ಬೆಟ್ಟ ಹತ್ತಿ ಹತ್ತಿ ಅವನ ಮೈ ಕಲಿತದ್ದು ಇಷ್ಟು:
ಒಳಗಿನ ಕಾವು ಕೂದಲೆಳೆಯಷ್ಟು ಏರಿದರೆ ಸಾಕು,
ರಕ್ತ ಚರ್ಮದ ಹೊಸ್ತಿಲಿಗೆ ಬಂದು ನಿಲ್ಲುತ್ತದೆ.
ಒಂದೇ ಗಡಿಗೆಯಿಂದ ಎರಡು ಪಂಕ್ತಿಗೆ ಬಡಿಸಬೇಕು,
ದುಡಿವ ತೊಡೆಗೆ, ಬೇಯುವ ಚರ್ಮಕ್ಕೆ.
ಅವನ ಗಡಿಗೆ ದೊಡ್ಡದು.
ತೆಕ್ಲಿತ್‌ನದು ಬೇಗ ತಳ ಕಂಡಿತು:
ಎದೆ ಡವಡವ, ಮುಖ ಟೊಮೇಟೊ,
ಆಮೇಲೆ ಬಂತು ಬೆವರು,
ಊಟ ಮುಗಿದ ಮೇಲೆ ಬಂದ ನೆಂಟನ ಹಾಗೆ.

ಜಂಬದಿಂದಲೇ ಬರೆದೆ: ಕಿಫ್ಲೊಮ್, ಒಂದೂವರೆ ಕೇಜಿ.

ಬಂದರಿನಲ್ಲಿ ಉಪ್ಪು ಹೊರುವ ಹುಮ್ಮದ್
ಗೋಡೆಯ ನೆರಳಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ.
"ಅದರಲ್ಲಿ ಆರಿದ್ದೆಷ್ಟು ತಾಯಿ, ಉದುರಿದ್ದೆಷ್ಟು?"

ಡಾಂಬರಿನ ಮೇಲೆ ಸೈಕಲಿನ ಹಿಂದೆ ಚುಕ್ಕಿ ಚುಕ್ಕಿ ಸಾಲು.
ಆರಿದರೆ ತಂಪು. ಉದುರಿದ್ದು ಬರೀ ನೀರು.
ಕಂಠಪೂರ್ತಿ ಕುಡಿದ ಗಾಳಿ
ಇನ್ನೊಂದು ಗುಟುಕು ಒಲ್ಲೆನೆನ್ನುವ ಊರಲ್ಲಿ
ಹುಡುಗ ಸಾಹುಕಾರನ ಮಗನಂತೆ ಖರ್ಚು ಮಾಡುತ್ತಿದ್ದ.

ಆರನೇ ದಿನ, ಕಡಲ ಸೇತುವೆ, ಮೂರನೇ ಸುತ್ತು.
ಅವನ ತೋಳಿನ ಕೂದಲು ನಿಮಿರಿದ್ದು ಕಂಡೆ.
ಆ ಬಿಸಿಲಲ್ಲಿ ಚಳಿ!
"ಇನ್ನೊಂದು ಸುತ್ತು" ಅಂದ.
ಆಗುತ್ತಿತ್ತು ಅವನಿಂದ. ಅದೇ ನನ್ನ ಭಯ.
ತೆಕ್ಲಿತ್‌ನ ಒಲೆ ತಾನಾಗಿ ನಂದುತ್ತದೆ,
ಇವನದಕ್ಕೆ ಸೌದೆ ಮುಗಿಯುವುದೇ ಇಲ್ಲ;
ಸುಟ್ಟುಕೊಳ್ಳುವಷ್ಟು ದೂರ ಹೋಗಲು ಬಲ ಬೇಕು.
ಹ್ಯಾಂಡಲ್ ಹಿಡಿದು ನಿಲ್ಲಿಸಿದೆ. ಬೈದ, ನನ್ನ ತಾಯಿಯನ್ನೂ ಬಿಡಲಿಲ್ಲ.
ಮೀನಿನ ಪೆಟ್ಟಿಗೆಯ ಮಂಜುನೀರು ನೆತ್ತಿಗೆ ಸುರಿದೆವು.
ಸಂಜೆಯ ತನಕ ಮೀನು ನಾತ ಹೊಡೆಯುತ್ತಿದ್ದ, ಬದುಕಿದ್ದ.

ಹನ್ನೆರಡನೇ ದಿನಕ್ಕೆ
ಅಂಗಿಯ ಮೇಲೆ ಉಪ್ಪು ಬಿಡಿಸುತ್ತಿದ್ದ ಬಿಳಿ ನಕ್ಷೆ ಮಸುಕಾಯಿತು.
ನೀರು ಬಿಟ್ಟು ಉಪ್ಪು ಹಿಡಿದಿಡುವುದನ್ನು
ಬೆಟ್ಟ ಹೇಳಿಕೊಟ್ಟಿರಲಿಲ್ಲ, ಈ ಸೆಕೆ ಹೇಳಿಕೊಟ್ಟಿತು.
ಪಂದ್ಯದಲ್ಲಿ ಒಂಬತ್ತನೆಯವನಾದ. ಅದಿರಲಿ.

ಹೊರಡುವ ಬೆಳಿಗ್ಗೆ ಹುಮ್ಮದ್ ಬಂದು ತಕ್ಕಡಿ ಹತ್ತಿದ,
ಬೆನ್ನ ಮೇಲೆ ಮೂಟೆ, ಕುತ್ತಿಗೆಯಲ್ಲಿ ತೆಳ್ಳಗೆ ಬೆವರು,
ಒಂದು ಹನಿಯೂ ಕೆಳಗೆ ಬೀಳದಷ್ಟು.
"ಮೂಟೆ ಇಳಿಸಪ್ಪ" ಅಂದೆ.
"ಅದಿಲ್ಲದೆ ನನ್ನ ತೂಕ ನಾನೂ ನೋಡಿಲ್ಲ" ಎಂದು ನಕ್ಕ,
ಮುಳ್ಳು ನಿಲ್ಲುವ ಮೊದಲೇ ಇಳಿದು ಹೊರಟ,
ಗಡಿಬಿಡಿಯಿಲ್ಲದೆ, ನೆರಳು ಬಿದ್ದ ಕಡೆಯಿಂದ.